ಶ್ರುತಿ ಸೇರಿಸುವವರು ಎಲ್ಲಿ ಹೋದರು?

ಬೆಂಗಳೂರಿನ ಬಳೇಪೇಟೆಯ ಹೆಸರಿನಲ್ಲಿ ಬಳೆಯಿದೆ. ಆದರೆ ಸಂಗೀತ ಕಲಿಯುವವರ ಮನೆಗಳಲ್ಲಿ ಆ ಹೆಸರಿಗೆ ಬೇರೆಯೇ ಅರ್ಥ. ವೀಣೆ, ತಂಬೂರಿ, ಮೃದಂಗ, ಹಾರ್ಮೋನಿಯಂ, ಭಜನಾ ಮಂಡಳಿಗೆ ತಾಳ, ಹರಿಕಥೆ ದಾಸರಿಗೆ ಚಿಟಿಕೆ, ಏನೇ ಬೇಕಿದ್ದರೂ ‘ಒಮ್ಮೆ ಬಳೇಪೇಟೆಗೆ ಹೋಗಿ ಬನ್ನಿ’ ಎನ್ನುವುದು ವಾಡಿಕೆ. ಈಗಲೂ ಅಲ್ಲಿ ವಾದ್ಯದ ಅಂಗಡಿಗಳಿವೆ. 2017ರಲ್ಲಿ ಚಿಕ್ಕಪೇಟೆಯ ಮೆಟ್ರೊ ನಿಲ್ದಾಣ ತೆರೆದ ಮೇಲೆ ಅಲ್ಲಿಗೆ ಹೋಗುವುದು ಮೊದಲಿಗಿಂತ ಸುಲಭವೂ ಆಗಿದೆ. ಹೋದವರಿಗೆ ಮೊದಲು ಕಾಣುವುದು ಗಾಜಿನ ಹಿಂದೆ ಸಾಲಾಗಿ ತೂಗುಬಿದ್ದ ಗಿಟಾರ್‌ಗಳು, ಕೀಬೋರ್ಡ್ ತುಂಬಿದ ರಟ್ಟಿನ ಪೆಟ್ಟಿಗೆಗಳು, ಡ್ರಮ್ ಸೆಟ್‌ಗಳು. ವೀಣೆ ಕೇಳಿದರೆ ಹುಡುಗ ಅಟ್ಟ ಹತ್ತಬೇಕು.

ಇದನ್ನು ಕಂಡು ‘ಕಾಲ ಕೆಟ್ಟಿತು, ನಮ್ಮ ಸಂಗೀತ ಮುಳುಗಿತು’ ಎಂದು ಹಲುಬುವುದು ಸುಲಭ. ಆದರೆ ಅದು ನಿಜವಲ್ಲ. ನಮ್ಮ ಬಡಾವಣೆಗಳಲ್ಲಿ ಸಂಗೀತ ಶಾಲೆಗಳಿಗೆ ಕೊರತೆಯಿಲ್ಲ. ರಾಮನವಮಿಯ ಪೆಂಡಾಲುಗಳಲ್ಲಿ ಕುರ್ಚಿ ಹಿಡಿಯಲು ಇಂದಿಗೂ ಬೇಗ ಹೋಗಬೇಕು. ಮಲ್ಲೇಶ್ವರದ ಅಧ್ಯಾಪಕಿಯೊಬ್ಬರು ಬೆಳಗಿನ ಕಾಫಿಗೂ ಮೊದಲೇ ಅಮೆರಿಕದಲ್ಲಿರುವ ಕನ್ನಡದ ಮಕ್ಕಳಿಗೆ ಮೊಬೈಲ್ ಪರದೆಯ ಮೂಲಕ ಸರಳೆ–ಜಂಟಿ ವರಸೆ ಹೇಳಿಕೊಡುತ್ತಿರುತ್ತಾರೆ. ಕಲಿಯುವವರು ಇದ್ದಾರೆ, ಕೇಳುವವರು ಇದ್ದಾರೆ, ಕೊಳ್ಳುವವರೂ ಇದ್ದಾರೆ. ಹಾಗಿದ್ದೂ ವಾದ್ಯದ ಅಂಗಡಿ ಸೊರಗುತ್ತಿದೆ ಎಂದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ವಾದ್ಯದ ಅಂಗಡಿ ಎಂದರೆ ವಾದ್ಯ ಮಾರುವ ಸ್ಥಳ ಎಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಮಾರಾಟ ಅದರ ಬದುಕಿನ ಸಣ್ಣ ಭಾಗ. ಒಳ್ಳೆಯ ವೀಣೆಯೊಂದನ್ನು ಕೊಂಡ ಮನೆ ಎರಡು ತಲೆಮಾರು ಇನ್ನೊಂದನ್ನು ಕೊಳ್ಳುವುದಿಲ್ಲ. ಅಂಗಡಿಯ ಒಲೆ ಉರಿಯುತ್ತಿದ್ದದ್ದು ದುರಸ್ತಿಯಿಂದ: ಮೃದಂಗಕ್ಕೆ ಹೊಸ ಮುಚ್ಚಿಗೆ, ತಬಲಾಕ್ಕೆ ಹೊಸ ಪುಡಿ, ಸಡಿಲವಾದ ಬಿರಡೆ, ಹರಿದ ತಂತಿ, ಗಾಳಿ ಸೋರುವ ತಿದಿ, ಬೇಸುರಾದ ರೀಡು. ಎಂಬತ್ತರ ದಶಕದಲ್ಲಿ ನಾನು ಓಡಾಡುತ್ತಿದ್ದ ಅಂಗಡಿಗಳಲ್ಲಿ ಯಜಮಾನರು ಗಲ್ಲಾದ ಹಿಂದೆ ಕೂರುತ್ತಿದ್ದರು. ಅವರಿಗಿಂತ ಮುಖ್ಯನಾದವನು ಮೂಲೆಯಲ್ಲಿ ಚಾಪೆಯ ಮೇಲೆ, ಸುತ್ತ ಅರ, ಉಳಿ, ಮೇಣದ ಬಟ್ಟಲು ಹರಡಿಕೊಂಡು ಕೂತಿರುತ್ತಿದ್ದ. ಗಿರಾಕಿಗಳು ಕೇಳುತ್ತಿದ್ದದ್ದು ‘ಅವರು ಇದ್ದಾರೆಯೇ?’ ಎಂದು. ಆ ‘ಅವರು’ ಇಲ್ಲದ ದಿನ ಅಂಗಡಿ ತೆರೆದಿದ್ದರೂ ಮುಚ್ಚಿದಂತೆಯೇ. ಇಂದು ಕಣ್ಮರೆಯಾಗುತ್ತಿರುವುದು ಗಲ್ಲಾಪೆಟ್ಟಿಗೆಯಲ್ಲ, ಆ ಚಾಪೆ.

ಆ ಚಾಪೆಯ ಮೇಲೆ ನಡೆಯುತ್ತಿದ್ದದ್ದು ಏನೆಂದು ತಿಳಿಯಲು ವೀಣೆಯ ಉದಾಹರಣೆಯೊಂದೇ ಸಾಕು. ನಮ್ಮ ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳಿವೆ. ಗಿಟಾರಿನಂತೆ ಅವನ್ನು ಅಳತೆಪಟ್ಟಿ ಇಟ್ಟು ಮರದಲ್ಲಿ ಕೂರಿಸಿಬಿಡುವುದಿಲ್ಲ. ಜೇನುಮೇಣಕ್ಕೆ ಮಸಿ, ರಾಳ ಬೆರೆಸಿ ಕಾಯಿಸಿ, ದಂಡಿಯ ಎರಡು ಅಂಚುಗಳ ಮೇಲೆ ದಿಂಡಾಗಿ ಕಟ್ಟಿ, ಆ ಮೆತ್ತನೆಯ ಮೇಣದಲ್ಲಿ ಲೋಹದ ಮೆಟ್ಟಿಲನ್ನು ಒತ್ತುತ್ತಾರೆ. ತಂತಿ ಮೀಟಿ ಕೇಳುತ್ತಾರೆ. ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸುತ್ತಾರೆ. ಮತ್ತೆ ಕೇಳುತ್ತಾರೆ. ಮಂದ್ರದಲ್ಲಿ ಸರಿಯಾದ ಮೆಟ್ಟಿಲು ಪಕ್ಕದ ತಂತಿಗೂ ಸರಿಯಾಗಬೇಕು. ಒಂದರ ಎತ್ತರ ತುಸು ಕಡಿಮೆಯಾದರೆ ಮುಂದಿನದಕ್ಕೆ ತಂತಿ ತಗುಲಿ ಕಿರುಗುಡುತ್ತದೆ. ಇದಕ್ಕೆ ‘ಮೇಳ ಕಟ್ಟುವುದು’ ಎನ್ನುತ್ತಾರೆ. ದಿನವಿಡೀ ಹಿಡಿಯುವ ಕೆಲಸ. ಕಣ್ಣಿಗೆ ಇಲ್ಲಿ ಅಷ್ಟೇನೂ ಕೆಲಸವಿಲ್ಲ, ಎಲ್ಲವೂ ಕಿವಿಯದೇ. ಕೆಲವು ವರ್ಷಗಳಲ್ಲಿ ಮೇಣ ಒಣಗಿ ಬಿರಿಯುತ್ತದೆ, ಬೇಸಗೆಯಲ್ಲಿ ಮೆದುವಾಗಿ ಮೆಟ್ಟಿಲು ಜರುಗುತ್ತದೆ. ಆಗ ಹಳೆಯ ಮೇಣ ಕಿತ್ತು ಮತ್ತೆ ಮೇಳ ಕಟ್ಟಿಸಬೇಕು. ಅಂದರೆ ವೀಣೆ ಒಮ್ಮೆ ತಯಾರಾಗಿ ಮುಗಿಯುವ ವಸ್ತುವಲ್ಲ. ಅದನ್ನು ಮತ್ತೆ ಮತ್ತೆ ತಯಾರಿಸುತ್ತಲೇ ಇರಬೇಕು, ಆ ಕೈ ಹತ್ತಿರದಲ್ಲೇ ಇರಬೇಕು.

ನಮ್ಮ ನೆಂಟರ ಮನೆಯ ಹುಡುಗಿಯೊಬ್ಬಳು ಕೋವಿಡ್ ಕಾಲದಲ್ಲಿ ವೀಣೆ ಹಿಡಿದಳು. ಅಂಗಡಿಗಳು ಮುಚ್ಚಿದ್ದವು. ಆನ್‌ಲೈನ್ ಮಾರಾಟ ತಾಣವೊಂದರಿಂದ ವೀಣೆ ತರಿಸಿದರು. ನೋಡಲು ಲಕ್ಷಣವಾಗಿತ್ತು, ಯಾಳಿಯ ಮುಖಕ್ಕೆ ಬಂಗಾರದ ಬಣ್ಣವೂ ಇತ್ತು. ಎರಡು ವರ್ಷ ಪಾಠವಾದ ಮೇಲೂ ಆಕೆಯ ಗಾಂಧಾರ ನಿಲ್ಲುತ್ತಿಲ್ಲವೆಂದು ಪರದೆಯಾಚೆಯ ಗುರುಗಳು ಬೇಸರಪಟ್ಟರು. ಹುಡುಗಿ ತನಗೆ ಕಿವಿಯೇ ಇಲ್ಲವೆಂದು ತೀರ್ಮಾನಿಸಿ ವೀಣೆಗೆ ಮುಸುಕು ಹಾಕಿದಳು. ಕೊನೆಗೆ ಬಳೇಪೇಟೆಯಲ್ಲಿ ವಿಚಾರಿಸಿ ಹಿರಿಯ ಕಸುಬುದಾರರೊಬ್ಬರನ್ನು ಮನೆಗೆ ಕರೆತಂದೆವು. ಅವರು ನಾಲ್ಕು ಸ್ವರ ಮೀಟಿ, ‘ಅಮ್ಮಾ, ನಿನ್ನ ಬೆರಳು ಸರಿಯಾಗಿದೆ. ಮೇಳ ಕಟ್ಟಿದವನು ಆತುರದಲ್ಲಿದ್ದ’ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ನಾವು ಧಾರಾಳವಾಗಿ ಬಳಸುತ್ತೇವೆ. ನೆಲ ನಿಜಕ್ಕೂ ಡೊಂಕಾಗಿರುವ ಸಂದರ್ಭಗಳೂ ಉಂಟು. ಅಂಥ ನೆಲದ ಮೇಲೆ ಕುಣಿದು, ತಪ್ಪು ತಮ್ಮದೇ ಎಂದುಕೊಂಡು ಬಿಟ್ಟುಹೋದ ಮಕ್ಕಳೆಷ್ಟೋ.

ಹಾಗೆಂದು ಎಲ್ಲ ದೋಷವನ್ನೂ ಯಂತ್ರದ ಮೇಲೆ ಹೊರಿಸುವವರ ಗುಂಪಿಗೆ ನಾನು ಸೇರಿದವನಲ್ಲ. ವಾದ್ಯದ ಅಂಗಡಿಗೆ ಬಿದ್ದ ಮೊದಲ ದೊಡ್ಡ ಪೆಟ್ಟು ನಮ್ಮ ಬೆಂಗಳೂರಿನಿಂದಲೇ ಬಂದದ್ದು ಎಂಬುದನ್ನು ಹೇಳಲೇಬೇಕು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಇಲ್ಲಿಯೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಮುಂದೆ ಎಲೆಕ್ಟ್ರಾನಿಕ್ ತಂಬೂರಿ, ತಾಳಯಂತ್ರಗಳೂ ಬಂದವು. ಎತ್ತರದ ತಂಬೂರಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಊರೂರು ಅಲೆಯುತ್ತಿದ್ದ ಗಾಯಕರಿಗೆ, ತಂಬೂರಿ ಮೀಟಲು ಶಿಷ್ಯರಿಲ್ಲದ ಒಂಟಿ ಸಾಧಕರಿಗೆ ಅದೊಂದು ವರವೇ ಆಯಿತು. ಈಗ ಅದೂ ಹಳತಾಗಿ, ಮೊಬೈಲಿನ ಆಪ್ ಒಂದರಲ್ಲಿ ತಂಬೂರಿ, ತಬಲಾ, ಸ್ವರಮಂಡಲ ಎಲ್ಲವೂ ಅಡಗಿ ಕೂತಿವೆ. ಅನುಕೂಲವನ್ನು ಅಲ್ಲಗಳೆಯುವುದು ಕೃತಘ್ನತೆ. (ದೇವಸ್ಥಾನಗಳಲ್ಲಿ ಮಂಗಳಾರತಿಯ ಹೊತ್ತಿಗೆ ಮೋಟಾರಿನಿಂದ ನಗಾರಿ, ಜಾಗಟೆ, ಗಂಟೆಗಳನ್ನು ಒಟ್ಟಿಗೆ ಬಡಿಯುವ ಆ ಕಬ್ಬಿಣದ ಯಂತ್ರದ ಬಗ್ಗೆ ಮಾತ್ರ ನನಗೆ ಇಷ್ಟು ಔದಾರ್ಯವಿಲ್ಲ. ದೇವರಿಗಾದರೂ ಲಯ ಬೇಡವೇ?)

ಆದರೆ ಅನುಕೂಲದ ಜೊತೆಗೆ ಹೋದದ್ದೇನು ಎಂಬುದನ್ನೂ ಲೆಕ್ಕ ಹಾಕಬೇಕು. ತಂಬೂರಿಯ ತಂತಿಗೂ ಕುದುರೆಗೂ ನಡುವೆ ತೂರಿಸುವ ಸಣ್ಣ ನೂಲಿಗೆ ನಮ್ಮ ಕಡೆ ‘ಜೀವಾಳ’ ಎನ್ನುತ್ತಾರೆ. ಕುದುರೆಯ ಮೇಲ್ಮೈಯನ್ನು ಅರದಿಂದ ತೀಡಿ, ಅದು ಮಟ್ಟಸವೂ ಅಲ್ಲದ ಉಬ್ಬೂ ಅಲ್ಲದ ಹದಕ್ಕೆ ಬಂದಾಗ ತಂತಿ ಝೇಂಕರಿಸುತ್ತದೆ. ಉತ್ತರ ಕರ್ನಾಟಕದ ಗಾಯಕರು ಅದನ್ನು ‘ಜವಾರಿ’ ಎನ್ನುತ್ತಾರೆ. ಅದೇ ಸೀಮೆಯಲ್ಲಿ ನಾಟಿ ಜೋಳ, ನಾಟಿ ಕೋಳಿಯೂ ಜವಾರಿಯೇ. ಎರಡು ಪದಗಳ ಮೂಲ ಬೇರೆ ಬೇರೆ ಇರಬಹುದು, ಆದರೂ ಕೇಳಿದಾಗ ಮನಸ್ಸಿಗೆ ಹಿತವಾಗುತ್ತದೆ. ಷಡ್ಜದ ಒಂದೇ ತಂತಿಯೊಳಗೆ ಅಂತರಗಾಂಧಾರ ತಾನಾಗಿ ಹೊಮ್ಮುವುದು ಈ ತೀಡುವಿಕೆಯಿಂದ. ತಂಬೂರಿ ಶ್ರುತಿ ಮಾಡಲು ಕಲಿತ ವಿದ್ಯಾರ್ಥಿ ಹಾಡಲು ತೊಡಗುವ ಮೊದಲೇ ಕೇಳಲು ಕಲಿಯುತ್ತಿದ್ದ. ಗುಂಡಿ ಒತ್ತಿದವನಿಗೆ ಆ ಪಾಠ ತಪ್ಪಿತು. ಸಂಗೀತ ಪರೀಕ್ಷೆಯ ಶಾಸ್ತ್ರಭಾಗಕ್ಕೆಂದು ತಂಬೂರಿಯ ಚಿತ್ರ ಬರೆದು, ಕೊಡ, ದಂಡಿ, ಬಿರಡೆ, ಕುದುರೆ ಎಂದು ಬಾಣದ ಗುರುತು ಹಾಕಿ ಭಾಗಗಳನ್ನು ಬಾಯಿಪಾಠ ಮಾಡುವ ಮಕ್ಕಳನ್ನು ನಾನು ಕಂಡಿದ್ದೇನೆ. ಅವರಲ್ಲಿ ಎಷ್ಟೋ ಮಂದಿ ನಿಜವಾದ ತಂಬೂರಿಯ ಬಿರಡೆಗೆ ಕೈ ಹಾಕಿದವರಲ್ಲ.

ಜವಾರಿಯ ಮಾತು ಬಂದ ಮೇಲೆ ಮಿರಜ್ ಬರದಿರುವುದು ಹೇಗೆ? ಊರು ಮಹಾರಾಷ್ಟ್ರದ್ದಾದರೂ ಹುಬ್ಬಳ್ಳಿ–ಧಾರವಾಡದ ಸಂಗೀತಕ್ಕೆ ಅದು ಪಕ್ಕದ ಮನೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಅಲ್ಲಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಈ ಕಂಠಗಳ ಬೆನ್ನಿಗೆ ನಿಂತ ತಂಬೂರಿಗಳ ಊರು ಮಿರಜ್. ಅಲ್ಲಿನ ಕಸುಬಿನ ಹುಟ್ಟು ಸ್ವಾರಸ್ಯಕರವಾಗಿದೆ. ಹತ್ತೊಂಬತ್ತನೇ ಶತಮಾನದಲ್ಲಿ, ಕತ್ತಿ–ಕಠಾರಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಆಯುಧಗಳಿಗೆ ಕೆಲಸವಿಲ್ಲದಾದಾಗ ತಂತಿವಾದ್ಯಗಳತ್ತ ತಿರುಗಿದರು. ಫರೀದ್ ಸಾಹೇಬರು ಆ ಪರಂಪರೆಯ ಮೂಲಪುರುಷರು. ಪಂಢರಪುರದ ಸುತ್ತಲಿನ ಹೊಲಗಳಲ್ಲಿ ಬೆಳೆಯುವ, ತಿನ್ನಲು ಬಾರದ ಭಾರಿ ಗಾತ್ರದ ಕಹಿಸೋರೆಯನ್ನು ಒಣಗಿಸಿ ತಂಬೂರಿಯ ಕೊಡ ಮಾಡುತ್ತಾರೆ. ಬಿತ್ತನೆಯಿಂದ ನಾದದವರೆಗೆ ಒಂದು ತಂಬೂರಿಯ ಹಿಂದೆ ರೈತ, ಬಡಗಿ, ಕೆತ್ತನೆಗಾರ, ಜವಾರಿ ತೆಗೆಯುವವ ಎಲ್ಲರೂ ಇದ್ದಾರೆ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ತಂಜಾವೂರಿನ ವೀಣೆಗೆ, ಆಂಧ್ರದ ಬೊಬ್ಬಿಲಿ ವೀಣೆಗೆ ಅದು ಮೊದಲೇ ದೊರೆತಿತ್ತು. ಸಂತೋಷದ ಸಂಗತಿ. ಆದರೆ ಆ ಮಾನ್ಯತೆ ನಕಲಿ ಹೆಸರಿನಿಂದ ರಕ್ಷಿಸಬಲ್ಲದೇ ಹೊರತು ಮಗನನ್ನು ತಂದೆಯ ಚಾಪೆಯ ಮೇಲೆ ಕೂರಿಸಲಾರದು. ಒಂದು ಕಾಲದಲ್ಲಿ ಕತ್ತಿ ಬಿಟ್ಟು ತಂಬೂರಿ ಹಿಡಿದವರು, ತಂಬೂರಿಯಿಂದ ಹೊಟ್ಟೆ ತುಂಬದಿದ್ದರೆ ಅದನ್ನೂ ಬಿಡುತ್ತಾರೆ. ಕಸುಬಿಗೆ ಭಾವುಕತೆ ಇಲ್ಲ. ಅದು ಕೊಳ್ಳುವವರ ಸೊತ್ತು.

ಹಾರ್ಮೋನಿಯಂನ ಕಥೆಯೂ ಹೀಗೆಯೇ. ಫ್ರಾನ್ಸಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಕೈತಿದಿ ಕಟ್ಟಿಕೊಂಡು ನಮ್ಮದಾದ ವಾದ್ಯ ಅದು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಟ್ಟಿತು. 1971ರವರೆಗೂ ಒಳಗೆ ಬಿಡಲಿಲ್ಲ. ಆ ಮೂರು ದಶಕವೂ ಕಂಪನಿ ನಾಟಕಗಳ ಪೇಟಿ ಮಾಸ್ತರರು, ಊರೂರ ಭಜನಾ ಮಂಡಳಿಗಳು ಅದನ್ನು ಉಳಿಸಿಕೊಂಡವು. ಅಂದರೆ ಸರ್ಕಾರದ ನಿಷೇಧವೂ ಮುಚ್ಚಿಸಲಾಗದ ಅಂಗಡಿಗಳು ಇವು. ಹಾರ್ಮೋನಿಯಂ ರಿಪೇರಿ ಬಲ್ಲವನು ರೀಡಿನ ತುದಿಯನ್ನು ತುಸು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದು ಉಸಿರಿನಷ್ಟು ಹೆಚ್ಚು ಕೆರೆದರೆ ರೀಡು ಹಾಳು. ಈ ಹದವನ್ನು ಯಾವ ಪುಸ್ತಕವೂ ಕಲಿಸದು. ಕಲಿಯುವವನು ಹತ್ತಾರು ರೀಡುಗಳನ್ನು ಕೆಡಿಸಬೇಕು. ಕೆಡಿಸಲು ಬಿಡುವ ಯಜಮಾನನಿರಬೇಕು. ಇಂದಿನ ಬಾಡಿಗೆ, ಇಂದಿನ ಲಾಭದ ಅಂತರದಲ್ಲಿ ಅಂಥ ಶಿಷ್ಯವೃತ್ತಿಯ ಖರ್ಚನ್ನು ಯಾರು ಭರಿಸಬೇಕು? ಪೇಟೆಯ ನೆಲದ ಬೆಲೆ ಗೊತ್ತಿದ್ದವರಿಗೆ ಉತ್ತರವೂ ಗೊತ್ತಿದೆ. ನಾಲ್ಕಡಿ ಚಾಪೆಯ ಜಾಗದಲ್ಲಿ ಹತ್ತು ಗಿಟಾರ್ ನಿಲ್ಲಿಸಬಹುದು.

ಇನ್ನು ನಮ್ಮ ಶಿಷ್ಟ ಸಭೆಗಳಲ್ಲಿ ಯಾರೂ ಎತ್ತಲು ಬಯಸದ ಒಂದು ಪ್ರಶ್ನೆ ಉಳಿದಿದೆ. ಮೃದಂಗದ ಕಳಶ ಹಲಸಿನ ಮರದ್ದು. ಆದರೆ ಅದರ ನಾದ ಚರ್ಮದ್ದು. ಹಸು, ಆಡು, ಎಮ್ಮೆಗಳ ಚರ್ಮವನ್ನು ಹದಮಾಡಿ, ಪದರ ಪದರವಾಗಿ ಸೇರಿಸಿ, ಬಾರು ಬಿಗಿದು, ಕಿಟ್ಟದ ಕಲ್ಲಿನ ಪುಡಿಗೆ ಅನ್ನ ಬೆರೆಸಿ ಅರೆದ ಕರಣೆಯನ್ನು ತೆಳುವಾಗಿ ತಿಕ್ಕಿ ತಿಕ್ಕಿ ಕೂರಿಸುವ ಕೈಗಳು ಯಾರವು? ತಮಿಳುನಾಡಿನ ಇಂಥ ಕುಟುಂಬಗಳ ಬಗ್ಗೆ ಗಾಯಕ ಟಿ.ಎಂ. ಕೃಷ್ಣ ಅವರು 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕವನ್ನೇ ಬರೆದರು. ಆ ಕುಟುಂಬಗಳಲ್ಲಿ ಹೆಚ್ಚಿನವು ದಲಿತ ಕ್ರೈಸ್ತರವು. ವೇದಿಕೆಯ ಮೇಲಿನ ವಾದ್ಯಕ್ಕೆ ನಮಸ್ಕರಿಸುವ ಸಮಾಜ ಆ ವಾದ್ಯ ಮಾಡಿದವರನ್ನು ಮನೆಯ ಹೊಸಿಲಾಚೆ ನಿಲ್ಲಿಸಿದ ಚರಿತ್ರೆ ಅದು. ದಶಕಗಳಿಂದ ಕಛೇರಿ ಕೇಳುತ್ತಾ ಬಂದಿದ್ದೇನೆ. ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು, ಧ್ವನಿವರ್ಧಕದ ವ್ಯವಸ್ಥೆ ಇಂಥವರದು ಎಂದು ಹೇಳುವುದನ್ನು ಕೇಳಿದ್ದೇನೆ. ಈ ಮೃದಂಗಕ್ಕೆ ಮುಚ್ಚಿಗೆ ಹಾಕಿದವರು ಇಂಥವರು ಎಂದು ಹೇಳಿದ್ದನ್ನು ಒಮ್ಮೆಯೂ ಕೇಳಿಲ್ಲ.

ಹೀಗಿರುವಾಗ ಚರ್ಮ ಮುಟ್ಟುವ ತಂದೆಯ ಮಗ ಡಿಪ್ಲೊಮಾ ಓದಿ ಕಾರ್ಖಾನೆ ಸೇರಿದರೆ, ಮಗಳು ಬ್ಯಾಂಕಿನ ಪರೀಕ್ಷೆ ಬರೆದರೆ, ‘ಅಯ್ಯೋ, ಒಂದು ಪರಂಪರೆ ಕಡಿದುಹೋಯಿತು’ ಎಂದು ಮರುಗುವ ಹಕ್ಕು ನಮಗಿದೆಯೇ? ಇಲ್ಲವೆಂದೇ ನನ್ನ ಉತ್ತರ. ನಮ್ಮ ಮಕ್ಕಳಿಗೆ ಸಾಫ್ಟ್‌ವೇರ್, ಅವರ ಮಕ್ಕಳಿಗೆ ಪರಂಪರೆ ಎಂಬ ಹಂಚಿಕೆ ನ್ಯಾಯವಲ್ಲ. ಬೆಂಗಳೂರಿನ ಕೆ. ವರದರಂಗನ್ ಅವರು ಚರ್ಮವೇ ಇಲ್ಲದ ಕೃತಕ ಮೃದಂಗವನ್ನು ರೂಪಿಸಿದ್ದಾರೆ. ಮಳೆಗಾಲದಲ್ಲೂ ಶ್ರುತಿ ಇಳಿಯದ ಇಂಥ ವಾದ್ಯಕ್ಕೆ ಕಲಿಯುವ ಮಕ್ಕಳ ಮನೆಗಳಲ್ಲಿ ಸ್ಥಾನವಿದೆ. ಗಣೇಶನ ಮೆರವಣಿಗೆಗಳಲ್ಲಿ ತಮಟೆಯ ಚರ್ಮದ ಜಾಗಕ್ಕೆ ಫೈಬರ್ ಬಂದು ಎಷ್ಟೋ ವರ್ಷಗಳಾದವು. ಬೆಂಕಿಗೆ ಹಿಡಿದು ಕಾಯಿಸುವ ಕೆಲಸ ತಪ್ಪಿತು, ಜೊತೆಗೆ ಕಾದ ತಮಟೆಯ ಆ ಗಡಸು ದನಿಯೂ ತಪ್ಪಿತು.

ಆದರೆ ಬಿಟ್ಟುಹೋಗುವವರ ಹಕ್ಕನ್ನು ಒಪ್ಪಿದ ಮಾತ್ರಕ್ಕೆ ಉಳಿಯಬಯಸುವವರ ಹೊಟ್ಟೆಯನ್ನು ಮರೆಯಬೇಕಾಗಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವನ್ನು ಪತ್ರಿಕೆಗಳು ‘ವೀಣೆಯ ಊರು’ ಎಂದು ಆಗಾಗ ಕೊಂಡಾಡುತ್ತವೆ. ರಾಜಧಾನಿಯಿಂದ ಒಂದೆರಡು ಗಂಟೆಯ ಹಾದಿಯ ಈ ಹಳ್ಳಿಯಲ್ಲಿ ದಶಕಗಳಿಂದ ಹಲಸಿನ ಮರ ಕೆತ್ತಿ ವೀಣೆ ಮಾಡುತ್ತಾ ಬಂದಿದ್ದಾರೆ. ವೀಣೆಯಂಥ ‘ಸರಸ್ವತಿಯ ವಾದ್ಯ’ವನ್ನು ಹೊಲಮನೆಯ ಜನ, ಹೆಚ್ಚಿನವರು ಅದನ್ನು ನುಡಿಸಲು ಕಲಿಯದವರು, ಕಿವಿಯ ಬಲದಿಂದ ಕಟ್ಟುತ್ತಾರೆಂಬುದು ಕಛೇರಿಗಳ ಮೊದಲ ಸಾಲಿನಲ್ಲಿ ಕೂರುವ ಎಷ್ಟು ಮಂದಿಗೆ ಗೊತ್ತು? ತಯಾರಕನಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಮಾಡಿದವನ ಹೆಸರು ಅಳಿಸಿ ಅಂಗಡಿಯ ಹೆಸರಿನ ಹಿತ್ತಾಳೆ ಬಿಲ್ಲೆ ಉಳಿಯುತ್ತದೆ. ಇಟಲಿಯ ಸ್ಟ್ರಾಡಿವೇರಿಯಸ್ ಪಿಟೀಲು ಎಂದು ಬಾಯಿ ಚಪ್ಪರಿಸುವ ನಾವು ನಮ್ಮ ಅಜ್ಜಿಯ ವೀಣೆ ಕಟ್ಟಿದವರ ಹೆಸರನ್ನು ಹೇಳಲಾರೆವು.

ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾದೀತು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ತಯಾರಿಸುವ ದೇಶೀ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಗಳಲ್ಲಿ ವಾದ್ಯ ತಯಾರಕರಿಗೂ ಒಂದು ವಿಭಾಗವಿದೆ. ಆದರೆ ಇವೆಲ್ಲ ಮಾಡುವವನಿಗೆ, ಮಾರುವವನಿಗೆ ಸಲ್ಲುವಂಥವು. ರಿಪೇರಿ ಮಾಡುವವನು ಯಾವ ಯೋಜನೆಯ ಕಣ್ಣಿಗೂ ಬೀಳುವುದಿಲ್ಲ. ನಾನು ಕಂಡ ಕಾಲೇಜೊಂದರ ಸಂಗೀತ ವಿಭಾಗದಲ್ಲಿ ಏಳು ತಂಬೂರಿಗಳಿದ್ದವು. ನಾಲ್ಕಕ್ಕೆ ತಂತಿಯಿರಲಿಲ್ಲ, ಒಂದರ ಕೊಡ ಬಿರುಕು ಬಿಟ್ಟಿತ್ತು. ದಾಸ್ತಾನು ಪುಸ್ತಕದಲ್ಲಿ ಏಳೂ ‘ಸುಸ್ಥಿತಿ’ಯಲ್ಲಿದ್ದವು. ಕೇಳಿದಾಗ ಅಲ್ಲಿನ ಅಧ್ಯಾಪಕಿ ನಕ್ಕರು. ‘ಹೊಸತು ಕೊಳ್ಳಲು ಟೆಂಡರ್ ಕರೆಯಬಹುದು ಸರ್, ಹಳತಕ್ಕೆ ತಂತಿ ಹಾಕಿಸಲು ಲೆಕ್ಕಶೀರ್ಷಿಕೆಯೇ ಇಲ್ಲ’ ಎಂದರು. ತರಗತಿ ನಡೆಯುತ್ತಿದ್ದದ್ದು ಅವರ ಮೊಬೈಲಿನ ಶ್ರುತಿಯಲ್ಲಿ.

ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಒಬ್ಬ ಸಹಾಯಕ ಬೇಕೆಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಗಾಜಿನ ನಳಿಕೆ ತೊಳೆಯಲು ಹುದ್ದೆಯಿದೆ, ಸಂಬಳವಿದೆ. ಸಂಗೀತ ವಿಭಾಗವಿರುವ ಕಾಲೇಜುಗಳಲ್ಲಿ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿರುವ ಸಂಗೀತ ವಿಶ್ವವಿದ್ಯಾಲಯದಲ್ಲಿ, ಅಂಥದೇ ಒಂದೊಂದು ಹುದ್ದೆಯನ್ನು ಮೇಳ ಕಟ್ಟಬಲ್ಲ, ಮುಚ್ಚಿಗೆ ಹಾಕಬಲ್ಲ, ಜವಾರಿ ತೆಗೆಯಬಲ್ಲ ಕಸುಬುದಾರರಿಗೆ ಮೀಸಲಿಟ್ಟರೆ ಖಜಾನೆ ಬರಿದಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ಕೇಳದೆ, ವೀಣೆಯೊಂದನ್ನು ಮುಂದಿಟ್ಟು ಆಯ್ಕೆ ಮಾಡಬೇಕು, ಅಷ್ಟೆ. ಅವರ ಪಕ್ಕದಲ್ಲಿ ಇಬ್ಬರು ಹುಡುಗರಿಗೆ, ಯಾವ ಜಾತಿಯವರೇ ಆಗಲಿ, ರೀಡು ಕೆಡಿಸಲು, ಮೇಣ ಹಾಳುಮಾಡಲು ಅವಕಾಶವಿರಬೇಕು. ವಾರಕ್ಕೊಂದು ದಿನ ಊರಿನವರೂ ತಮ್ಮ ವಾದ್ಯಗಳನ್ನು ಅಲ್ಲಿಗೆ ತರುವಂತಾಗಬೇಕು. ನಮ್ಮ ನೆಂಟರ ಹುಡುಗಿಯ ವೀಣೆಗೆ ಮೇಳ ಕಟ್ಟಿದ ಹಿರಿಯರನ್ನು ಈ ವಿಚಾರವಾಗಿ ಕೇಳಿದೆ. ಅವರು ಮೊದಲು ವಿಚಾರಿಸಿದ್ದು ಸಂಬಳವನ್ನಲ್ಲ, ಆ ಕೋಣೆಗೆ ರಸ್ತೆಯ ಸದ್ದು ಕೇಳಿಸುತ್ತದೆಯೇ ಎಂದು.